ನಾಲ್ಕೇ ದಿನಕ್ಕೆ ಹುಣ್ಣಿಮೆ ಬಿದಿಗೆಯಾಗದು

ದಾಳ ಉರುಳಿಸುತ್ತ, ಕಲ್ಪಿತ ಲೋಕದ ಕಥೆಯನ್ನು ಎಲ್ಲರೂ ಕೂಡಿ ಕಟ್ಟುವ ಪಾತ್ರಾಭಿನಯದ ಆಟವನ್ನು (ರೋಲ್-ಪ್ಲೇಯಿಂಗ್ ಗೇಮ್) ನಡೆಸುವಾಗ ಬಂದರಿನಲ್ಲಿ ಹುಣ್ಣಿಮೆ ವರ್ಣಿಸಿ, ಆಟದ ನಾಲ್ಕೇ ದಿನಗಳ ನಂತರ ದಕ್ಷಿಣದ ಮರುಭೂಮಿಯಲ್ಲಿ ನಡುರಾತ್ರಿ ಬಿದಿಗೆ ಚಂದ್ರನನ್ನು ತೋರಿಸಿದಿರಿ, ಆಟಗಾರರೊಬ್ಬರು ತಡೆದರು ಎಂದು ಬರೆದಿದ್ದೀರಿ. ಅವರು ತಡೆದದ್ದು ಸರಿ. ಬಿದಿಗೆಯ ಚಂದ್ರ ಸಂಜೆ ಕಂಡು ಸೂರ್ಯನ ಬೆನ್ನಿಗೇ ಮುಳುಗುತ್ತಾನೆ. ಹುಣ್ಣಿಮೆಯಾಗಿ ನಾಲ್ಕನೆಯ ದಿನವೆಂದರೆ ಸಂಕಷ್ಟಿ. ಇಲ್ಲಿ ಪುಣೆಯಲ್ಲಿ ಉಪವಾಸದವರು ರಾತ್ರಿ ಒಂಬತ್ತರ ಸುಮಾರಿಗೆ ತಾರಸಿ ಹತ್ತಿ ಪೂರ್ವಕ್ಕೆ ಕಣ್ಣು ನೆಟ್ಟು ನಿಲ್ಲುತ್ತಾರಲ್ಲ, ಆ ಚಂದ್ರ ಮೂಡಬೇಕಿತ್ತು. ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಏಳುತ್ತಾನೆ ಎಂಬ ಲೆಕ್ಕ ಸಾಕು. ಆಟದ ದಿನಚರಿಯ ಪಕ್ಕದಲ್ಲಿ ತಿಥಿ ಬರೆದಿಡಿ.

ಊರು ಬದಲಾದಾಗ ಆಕಾಶ ಬದಲಾಗುವುದು ಇದಕ್ಕಿಂತ ಸ್ವಾರಸ್ಯದ ಸಂಗತಿ. ಧ್ರುವನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅಷ್ಟೇ ಆ ಊರಿನ ಅಕ್ಷಾಂಶ. ತೋಳು ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ. ಪುಣೆ ಬಳಿಯ ಸಿಂಹಗಡ ಕೋಟೆಯ ಮೇಲೆ ನಿಂತು ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಅಳೆದೆ. ಎರಡನೆಯದರ ಮೇಲಂಚಿನಲ್ಲಿ ನಕ್ಷತ್ರ ಅಡಗಿತು. ಪುಣೆ 18.5 ಡಿಗ್ರಿ. ಧಾರವಾಡದ ನಮ್ಮ ಮನೆಯಂಗಳದಲ್ಲಿ ಅದೇ ಧ್ರುವ ಒಂದೂವರೆ ಮುಷ್ಟಿ ಎತ್ತರದಲ್ಲಿದ್ದಾನೆ. ನಿಮ್ಮ ಲೋಕ ಭೂಮಿಯಷ್ಟೇ ದೊಡ್ಡ ಗೋಳವೆಂದುಕೊಂಡರೆ, ದಕ್ಷಿಣಕ್ಕೆ 111 ಕಿಲೋಮೀಟರ್ ಸಾಗಿದಾಗ ಧ್ರುವ ಒಂದು ಡಿಗ್ರಿ ಇಳಿಯುತ್ತಾನೆ. ಮರುಭೂಮಿ 1,100 ಕಿಲೋಮೀಟರ್ ದೂರವಿದ್ದರೆ ಒಂದು ಮುಷ್ಟಿ ಇಳಿಸಿ. ಬಂದರಿನವರು ಹುಟ್ಟಿದಾಗಿನಿಂದ ಕಾಣದ ಒಂದು ತಾರೆಯನ್ನು ದಕ್ಷಿಣದಲ್ಲಿ ಮೂಡಿಸಿ. ನಮ್ಮ ಅಗಸ್ತ್ಯ ಹಾಗೆಯೇ: ಚಳಿಗಾಲದ ರಾತ್ರಿ ಇಲ್ಲಿ ಥಳಥಳ ಹೊಳೆಯುತ್ತಾನೆ, ಲಂಡನ್ನಿನವರಿಗೆ ಎಂದೂ ಉದಯಿಸುವುದಿಲ್ಲ.

ಉಳಿದ ತಾರೆಗಳು ಎಲ್ಲ ರಾಜ್ಯಗಳಲ್ಲೂ ಅವೇ ಇರಲಿ, ಹೆಸರು ಮಾತ್ರ ಬೇರೆಯಾಗಲಿ. ನಮ್ಮ ಸಪ್ತರ್ಷಿಗಳೇ ಇಂಗ್ಲೆಂಡಿನಲ್ಲಿ ನೇಗಿಲು.

ನಿಮ್ಮ ಲೋಕಕ್ಕೆ ಎರಡನೆಯ ಚಂದ್ರನನ್ನು ಸೇರಿಸುವ ಬಗ್ಗೆ ಕೇಳಿದ್ದೀರಿ. ದೊಡ್ಡದಕ್ಕೆ 30, ಚಿಕ್ಕದಕ್ಕೆ 12 ದಿನಗಳ ಚಕ್ರ ಕೊಡಿ. ಜೋಡಿ ಹುಣ್ಣಿಮೆ 60 ದಿನಕ್ಕೊಮ್ಮೆ ಬರುತ್ತದೆ. ಅಂದು ಸಮುದ್ರದ ಉಬ್ಬರವೂ ಜೋರು. ಆಳವಿಲ್ಲದ ಬಂದರಿನಿಂದ ಭಾರದ ಹಡಗು ಹೊರಡಲು ಅದೇ ಮುಹೂರ್ತ.

ಹೋದ ತಿಂಗಳು ಪುಣೆಯ ಕೋಥರೂಡಿನ ನಮ್ಮ ಮನೆಯಲ್ಲಿ ಆಡುವಾಗ ತಂಡ ಕಾಡಿನಲ್ಲಿ ದಾರಿ ತಪ್ಪಿತು. ಒಬ್ಬಾಕೆ ದಾಳ ಕೆಳಗಿಟ್ಟು, "ಧ್ರುವ ಎಷ್ಟು ಮುಷ್ಟಿ?" ಎಂದು ಕೇಳಿದಳು. ಮೂರೂವರೆ ಎಂದೆ. ಅವಳು ಭೂಪಟ ಬಿಡಿಸಿ, 35 ಡಿಗ್ರಿಯ ಗೆರೆಯ ಮೇಲೆ ಬೆರಳಾಡಿಸುತ್ತ ಹೋದಳು. ಆ ಗೆರೆಯನ್ನು ದಾಟುವ ನದಿ ಒಂದೇ ಇತ್ತು, ಮತ್ತು ತಂಡಕ್ಕೆ ಆಗಲೇ ನೀರಿನ ಸದ್ದು ಕೇಳಿಸಿತ್ತು.