ಕಲಬುರಗ್ಯಾಗ ಕುಂತು ಡೈವ್‌ಮಾಸ್ಟರ್ ತಯಾರಿ: ಬಾವಿ ಈಜು ಎಲ್ಲಿ ತನಕ ನಡೀತದ?

ಶಹಾಬಾದ್ ಅಣ್ಣಾರ ಪ್ರಶ್ನೆ ಇಷ್ಟು: ಬಾವ್ಯಾಗ ಕಲ್ತ ಈಜು ಅದ, ಪಾಡಿ (ಸ್ಕೂಬಾ ಡೈವಿಂಗ್ ಕಲಿಸಿ ಕಾರ್ಡ್ ಕೊಡೋ ಸಂಸ್ಥಾ) ಕೊಡೋ ಮೊದಲ ಹಂತದ ಓಪನ್ ವಾಟರ್ ಕಾರ್ಡ್ ಅದ, ಮುರುಡೇಶ್ವರದ ಹತ್ತಿರದ ನೇತ್ರಾಣಿ ನಡುಗಡ್ಡಿಯೊಳಗ 12 ಡೈವ್ ಆಗ್ಯಾವ. ಡೈವ್‌ಮಾಸ್ಟರ್, ಅಂದ್ರ ನೀರಿನ ಒಳಗ ಮಂದೀನ್ನ ಕರಕೊಂಡು ಹೋಗೋ ಮುಂದಾಳು, ಆಗಬೇಕಂದ್ರ ಈಗಿಂದೇ ನೌಕರಿ ಬಿಟ್ಟು ಸಮುದ್ರದ ದಂಡಿಗೆ ಹೋಗಬೇಕೇನು, ಇಲ್ಲೇ ಏನರ ತಯಾರಿ ಆಗ್ತದೇನು?

ಅರ್ಧಾ ಕೆಲಸ ಇಲ್ಲೇ ಆಗ್ತದ್ರಿ. ಹವಾದ ಸಿಲಿಂಡರ್ ಕಟಕೊಂಡು ಮುಳುಗೋದು ಮಾತ್ರ ಇಲ್ಲಿ ಬ್ಯಾಡ, ಯಾಕಂತ ಕೆಳಗ ಹೇಳ್ತೀನಿ.

ಮೊದಲ ಲೆಕ್ಕ ನೋಡ್ರಿ. ಪಾಡಿ ನಿಯಮದಾಗ ಓಪನ್ ವಾಟರ್ ಆದಮ್ಯಾಲ ಅಡ್ವಾನ್ಸ್ಡ್ ಕೋರ್ಸ್, ಆಮ್ಯಾಲ ರೆಸ್ಕ್ಯೂ ಕೋರ್ಸ್. ಪ್ರಥಮ ಚಿಕಿತ್ಸಾ, ಸಿಪಿಆರ್ ತರಬೇತಿ 24 ತಿಂಗಳ ಒಳಗಿಂದಿರಬೇಕು, ಡಾಕ್ಟರ್ ಸಹಿ ಮಾಡಿದ ಫಾರ್ಮ್ 12 ತಿಂಗಳ ಒಳಗಿಂದು. ವಯಸ್ಸು 18 ತುಂಬಿರಬೇಕು. ಡೈವ್‌ಮಾಸ್ಟರ್ ಕೋರ್ಸ್ ಶುರು ಮಾಡ್ಲಾಕ 40 ಡೈವ್, ಕಾರ್ಡ್ ಕೈಗೆ ಬರ್ಲಾಕ 60. ನಿಮಗ ಇನ್ನ 48 ಬೇಕು, ದಿನಕ್ಕ ಎರಡರಂಗ ಹಿಡದ್ರ 24 ದಿನ. ಕೋರ್ಸಿನ ಡೈವೂ ಇದರಾಗೇ ಎಣಿಕಿಗೆ ಬರ್ತಾವ. ನೇತ್ರಾಣಿ ಮಳಿಗಾಲದಾಗ ಬಂದ್, ಅಕ್ಟೋಬರಿನಿಂದ ಮೇ ತನಕ ಹಂಗಾಮು. ಹಿಂಗಾಗಿ ಜೂನಿನಿಂದ ಸೆಪ್ಟೆಂಬರ್ ತನಕ ಇಲ್ಲಿ ಈಜುಕೊಳದಾಗ ಮೈ ಹದ ಮಾಡ್ಕೋರಿ.

ನೀರಿನ ಪರೀಕ್ಷಾ ಐದು ಅವ. ಒಂದೊಂದಕ್ಕ 5 ಅಂಕ, ಒಟ್ಟು 15 ಬರಬೇಕು. 400 ಮೀಟರ್ ಏನೂ ಹಾಕ್ಕೊಳ್ಳದಂಗ, ನಿಲ್ಲದಂಗ ಈಜಬೇಕು. 25 ಮೀಟರ್ ಕೊಳದಾಗ ಅದು 16 ಸಲ. 10 ನಿಮಿಷ 50 ಸೆಕೆಂಡಿನ ಒಳಗ ಮುಗಿದ್ರ 3 ಅಂಕ. 800 ಮೀಟರ್ ಮಾಸ್ಕ್, ಸ್ನಾರ್ಕೆಲ್ (ಉಸಿರಾಡೋ ಕೊಳವಿ), ಫಿನ್ (ಕಾಲಿಗೆ ಹಾಕೋ ರೆಕ್ಕಿ) ಹಾಕ್ಕೊಂಡು, ಮಾರಿ ನೀರಾಗಿಟ್ಟು, ಕೈ ಆಡಿಸದಂಗ. 18 ನಿಮಿಷ 30 ಸೆಕೆಂಡಿನ ಒಳಗ ಬಂದ್ರ 3. ದಣಿದ ಡೈವರ್‌ನ 100 ಮೀಟರ್ ಎಳಕೊಂಡು ಹೋಗೋದು, ಇಬ್ಬರ ಮೈಮ್ಯಾಲೂ ಪೂರ್ತಿ ಸಾಮಾನು; 4 ನಿಮಿಷ 20 ಸೆಕೆಂಡಿಗೆ 3. ಆಮ್ಯಾಲ 15 ನಿಮಿಷ ತೇಲೋದು, ಕಡೀ 2 ನಿಮಿಷ ಕೈ ನೀರಿನ ಮ್ಯಾಲ. ಐದನೇದು ನೀರಿನ ಒಳಗ ಇಬ್ಬರು ಒಂದೇ ರೆಗ್ಯುಲೇಟರಿನಿಂದ (ಸಿಲಿಂಡರಿನ ಹವಾ ಬಾಯಿಗೆ ಕೊಡೋ ಸಾಧನ) ಉಸಿರು ಹಂಚಿಕೋತ ಸಾಮಾನು ಅದಲುಬದಲು ಮಾಡೋದು. ಅದನ್ನ ಕೋರ್ಸಿನ್ಯಾಗೇ ಕಲೀಬೇಕು.

ತೇಲೋದ್ರಾಗ ಬಾವಿ ಈಜಿನವರು ಯಾರಿಗೂ ಕಡಿಮಿ ಇಲ್ಲ. ಸೋಲೋದು 400 ಮತ್ತ 800ರಾಗ. ಬಾವ್ಯಾಗ ತಲಿ ಮ್ಯಾಲೆತ್ತಿ ನಾಕು ಕೈ ಹೊಡದ್ರ ಪಾವಟಿಗಿ ಸಿಗ್ತದ, ಆ ರೂಢಿ ಕೊಳದಾಗ ನಡೆಯಂಗಿಲ್ಲ. ತಲಿ ಎದ್ದಷ್ಟು ಸೊಂಟ ಇಳೀತದ, ಸೊಂಟ ಇಳದ್ರ ನೀರು ತಡೀತದ, ಆರನೇ ಸುತ್ತಿಗೇ ದಮ್ಮು ಹತ್ತತದ. ಮಾರಿ ನೀರಾಗಿಟ್ಟು ಉಸಿರು ಗುಳ್ಳಿ ಗುಳ್ಳಿಯಾಗಿ ಬಿಡ್ರಿ, ಎಳಕೊಳ್ಳಾಗ ಮಾತ್ರ ಬಾಯಿ ಬಾಜೂಕ ತಿರುಗಿಸ್ರಿ. ಫಿನ್ ಹಾಕಿದಾಗ ಸೈಕಲ್ ತುಳದಂಗ ಮೊಣಕಾಲು ಮಡಚೋದು ಇನ್ನೊಂದು ತಪ್ಪು. ಬಲ ತೊಡಿಯಿಂದ ಬರಬೇಕು. ಮೊಣಕಾಲಿನಿಂದ ಒದ್ದವರಿಗೆ 500 ಮೀಟರಿಗೇ ಮೀನಖಂಡ ಸೆಟದ್ಬಿಡ್ತದ. ವಾರಕ್ಕ ಮೂರು ದಿನ, ಒಂದಿನ 400, ಒಂದಿನ 800, ಒಂದಿನ ದೋಸ್ತನ್ನ ಎಳೆಯೋದು. ಟೈಮ್ ಬರದಿಡ್ರಿ.

ಮಾಸ್ಕ್ ತಗದ್ರ ಗಾಬರಿ ಆಗ್ತದೇನು? ಮನ್ಯಾಗ ಬಕೀಟಿನ ನೀರಾಗ ಕಲೀಬಹುದು. ಮಾಸ್ಕ್ ಇಲ್ಲದ ಮಾರಿ ಮುಳುಗಿಸಿ ಸ್ನಾರ್ಕೆಲ್‌ದಿಂದ ಉಸಿರಾಡ್ರಿ, ಮೂಗು ಹಿಡಕೋಬ್ಯಾಡ್ರಿ, ಬಾಜೂಕ ಒಬ್ಬರು ಇರಲಿ. ಬಾಯಿಂದ ಎಳದು ಮೂಗಿನಿಂದ ಬಿಡೋದು ರೂಢಿ ಆದ್ರ ಅರ್ಧಾ ಹೆದರಿಕಿ ಹೋಗ್ತದ. ಮುಂದ 24 ಕೌಶಲ್ಯ ಮಾಡಿ ತೋರಸಬೇಕು, ಕನಿಷ್ಠ 82 ಅಂಕ ಬೇಕು. ಅಲ್ಲಿ ನಿಮಗ ಬಂದ್ರ ಸಾಲಲ್ಲ, ನೋಡೋ ಹೊಸಬನಿಗೆ ತಿಳಿಯಂಗ ನಿಧಾನ ಮಾಡಬೇಕು. ಗಡಿಬಿಡಿ ಮಾಡಿದವನಿಗೆ ಅಂಕ ಇಲ್ಲ.

ಓದೋ ಭಾಗಕ್ಕ ಸಮುದ್ರ ಬೇಕಿಲ್ಲ. ಹವಾದ ಲೆಕ್ಕ ಬಾಯಿಪಾಠ ಅಲ್ಲ, ಕೈಲೆ ಮಾಡ್ರಿ. 11 ಲೀಟರ್ ಸಿಲಿಂಡರ್, 200 ಬಾರ್ (ಒತ್ತಡದ ಅಳತಿ): 2200 ಲೀಟರ್ ಹವಾ. 50 ಬಾರ್ ಮುಟ್ಟಬಾರದು, ಅಂದ್ರ 1650 ಉಳೀತು. ನೀರಿನ ಮ್ಯಾಲ ನಿಮಿಷಕ್ಕ 20 ಲೀಟರ್ ಹವಾ ಎಳೆಯೋ ನಿಮಗ 20 ಮೀಟರ್ ಆಳದಾಗ, 3 ಬಾರ್ ಒತ್ತಡಕ್ಕ, 60 ಲೀಟರ್ ಬೇಕು. 27 ನಿಮಿಷ ನಡೀತದ. ನಿಮ್ಮ ಹಿಂದ ಹೆದರಿ 30 ಲೀಟರ್ ಎಳೆಯೋನಿಗೆ ಅಲ್ಲಿ 90 ಬೇಕು, 18 ನಿಮಿಷಕ್ಕೇ ಮುಗೀತು. ತಂಡ ಕರಕೊಂಡು ಹೋಗೋರು ಅವನ 18 ಹಿಡದು ಪ್ಲಾನ್ ಹಾಕಬೇಕು, ತಮ್ಮ 27 ಅಲ್ಲ. ಈ ನೌಕರಿಯ ತಿರುಳೇ ಇದು. ನಿಮ್ಮ ಗೇಜ್ (ಉಳಿದ ಹವಾ ತೋರಸೋ ಮೀಟರ್) ಒಂದು ಸಲ ನೋಡಿದ್ರ ಅವರದು ಮೂರು ಸಲ ಕೇಳಬೇಕು.

ಮುಳುಗಿದ ಸಾಮಾನಿಗೆ ಹವಾ ತುಂಬಿದ ಚೀಲ ಕಟ್ಟಿ ಮ್ಯಾಲೆತ್ತೋ ಲೆಕ್ಕಾನೂ ಬರ್ತದ. 60 ಕೆಜಿ ಮೋಟರ್, 20 ಲೀಟರ್ ನೀರು ಸರಸ್ತದ ಅನ್ರಿ. ಬಾವಿ ನೀರಾಗ 40 ಕೆಜಿ ತೂಗ್ತದ, ತೇಲಸ್ಲಾಕ 40 ಲೀಟರ್ ಹವಾ. ಸಮುದ್ರದ ನೀರು ಲೀಟರಿಗೆ 1.03 ಕೆಜಿ, ಅಲ್ಲಿ 38 ಚಿಲ್ಲರೆ ಲೀಟರ್ ಸಾಕು. ಇದೇ ಕಾರಣಕ್ಕ ಮುಳುಗ್ಲಾಕ ಕಟ್ಟೋ ಸೀಸದ ಬೆಲ್ಟ್ ಕೊಳದಾಗ ಸರಿ ಆದ್ರೂ ಸಮುದ್ರದಾಗ ಸಾಲಂಗಿಲ್ಲ. ಸಾಮಾನು ಸೇರಿ 100 ಕೆಜಿ ಆಗೋರಿಗೆ ಎರಡೂವರೆ ಮೂರು ಕೆಜಿ ಜಾಸ್ತಿ ಬೇಕು.

ಡೈವ್‌ಗೆ ಮೊದಲಿನ ಬ್ರೀಫಿಂಗ್ ಮನ್ಯಾಗೇ ಜೋರಾಗಿ ಹೇಳಿ ರೂಢಿ ಮಾಡ್ರಿ: ಜಾಗ, ಆಳ, ಸೆಳವು, ಕೈಸನ್ನಿ, ಹವಾ ಎಷ್ಟಕ್ಕ ತಿರುಗೋದು, ಜೋಡಿ ತಪ್ಪಿದ್ರ ಒಂದು ನಿಮಿಷ ಹುಡುಕಿ ಮ್ಯಾಲ ಬರೋದು. ನಮ್ಮ ಕಡೀಯವರಿಗೆ ಕನ್ನಡ, ದಖನಿ, ತೆಲುಗು ಮೂರೂ ಬಾಯಾಗ ಇರ್ತಾವ. ದೋಣಿ ಮ್ಯಾಲ ಇದು ಭಾಳ ಬೆಲಿ ಬಾಳ್ತದ.

ಇನ್ನ ಸಿಲಿಂಡರ್ ಮಾತು. ಯಾರರ ಭೀಮಾದಾಗ, ಕಾರಂಜಾ ಡ್ಯಾಮಿನ್ಯಾಗ ಪ್ರಾಕ್ಟೀಸ್ ಮಾಡೂನು ಅಂದ್ರ ಬ್ಯಾಡ ಅನ್ರಿ. ಕೆಸರಿನ್ಯಾಗ ಸ್ವಂತ ಕೈ ಕಾಣಂಗಿಲ್ಲ, ಭೀಮಾದಾಗ ಮೊಸಳಿ ಅವ, ಉಸುಕು ತಗದ ಗುಂಡಿ ಅವ. ಇನ್ನೊಂದು ಭಾಳ ಮಂದಿಗೆ ಹೊಳೆಯಂಗಿಲ್ಲ. 300 ಮೀಟರಿಗಿಂತ ಎತ್ತರದ ಜಾಗದಾಗ ಸಮುದ್ರದ ಡೈವ್ ಕೋಷ್ಟಕ (ಎಷ್ಟು ಆಳದಾಗ ಎಷ್ಟು ಹೊತ್ತು ಇರಬಹುದು ಅನ್ನೋ ಪಟ್ಟಿ) ಇದ್ದಂಗ ನಡೆಯಂಗಿಲ್ಲ. ಕಲಬುರಗಿ 450ರ ಸುಮಾರಿಗೆ ಅದ, ಬೀದರ್ 600ರ ಮ್ಯಾಲ. ಅಷ್ಟೆತ್ತರಕ್ಕ ಲೆಕ್ಕಾನೇ ಬ್ಯಾರೆ.

ಊರಿಗೆ ವಾಪಸ್ ಬರೋವಾಗೂ ಇದೇ ಮಾತು. ಮುರುಡೇಶ್ವರದಿಂದ ಘಟ್ಟ ಹತ್ತಿದ್ರ ವಿಮಾನ ಹತ್ತಿದಂಗೇ ಹವಾದ ಒತ್ತಡ ಇಳೀತದ, ಡೈವ್‌ದಾಗ ಮೈಯೊಳಗ ಕರಗಿದ ನೈಟ್ರೋಜನ್ ಗುಳ್ಳಿ ಆಗೋ ಅಪಾಯ ಅದ. ಎರಡು ಮೂರು ದಿನ ಸತತ ಡೈವ್ ಮಾಡಿದ್ರ ಕಡೀ ಡೈವ್ ಆಗಿ 18 ತಾಸು ಸಮುದ್ರದ ದಂಡ್ಯಾಗೇ ಇರ್ರಿ. ಭಾನುವಾರ ಮಧ್ಯಾಹ್ನ ನೀರಿನಿಂದ ಎದ್ದು ಸಂಜೀ ಬಸ್ಸಿಗೆ ಟಿಕೆಟ್ ತಗೀಬ್ಯಾಡ್ರಿ, ಸೋಮವಾರ ಒಂದು ರಜಾ ಹಾಕ್ರಿ.