ಸ್ಟಾಫ್ ನೊಟೇಶನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಬರೆಯಲು ಮ್ಯೂಸ್‌ಸ್ಕೋರ್, ಡೋರಿಕೊ, ಸಿಬೆಲಿಯಸ್, ಫಿನಾಲೆ ಈ ಸಾಫ್ಟ್‌ವೇರ್‌ಗಳಲ್ಲಿ ಯಾವುದು ಒಳ್ಳೆಯದು?

ಮೊದಲು ಫಿನಾಲೆಯನ್ನು ಪಟ್ಟಿಯಿಂದ ತೆಗೆದುಬಿಡಿ. 2024ರ ಆಗಸ್ಟ್‌ನಲ್ಲಿ ಅದರ ಕಂಪನಿಯೇ ಇನ್ನು ಮುಂದೆ ಅಭಿವೃದ್ಧಿ ಇಲ್ಲ ಅಂತ ಹೇಳಿತು, ಹೊಸದಾಗಿ ಕಲಿಯುವವರು ಅದರ ಹಿಂದೆ ಹೋಗುವುದರಲ್ಲಿ ಅರ್ಥವಿಲ್ಲ.

ಹಾಡು, ಪಿಯಾನೊ, ಚಿಕ್ಕ ಬ್ಯಾಂಡ್ ಇಷ್ಟಕ್ಕೇ ಆದರೆ ಮ್ಯೂಸ್‌ಸ್ಕೋರ್ ಸಾಕು. ಪೂರ್ತಿ ಉಚಿತ, ಓಪನ್ ಸೋರ್ಸ್, ಲಿನಕ್ಸ್‌ನಲ್ಲೂ ಓಡುತ್ತದೆ. ಉಚಿತ ಅಂದಮಾತ್ರಕ್ಕೆ ಕಳಪೆ ಅಂದುಕೊಳ್ಳಬೇಡಿ, 2022ರ ಕೊನೆಗೆ ಬಂದ 4ನೇ ಆವೃತ್ತಿಯಿಂದ ಪುಟದ ಅಂದವೂ ಪ್ಲೇಬ್ಯಾಕ್ ದನಿಯೂ ಬಹಳ ಸುಧಾರಿಸಿವೆ.

ದೊಡ್ಡ ಆರ್ಕೆಸ್ಟ್ರಾಗೆ ಬರೆಯುವವರಾದರೆ ನನ್ನ ಓಟು ಡೋರಿಕೊಗೆ. ಹಿಂದೆ ಸಿಬೆಲಿಯಸ್ ಕಟ್ಟಿದ್ದ ತಂಡದವರೇ ಇದನ್ನು ಮಾಡಿದ್ದು, 2016ರಲ್ಲಿ ಬಂತು. ಇನ್ಸರ್ಟ್ ಮೋಡ್ ಹಾಕಿ ಮಧ್ಯದಲ್ಲಿ ಒಂದು ನೋಟ್ ಸೇರಿಸಿದರೆ ಮುಂದಿನದೆಲ್ಲ ತಾನೇ ಸರಿದು, ಬಾರ್ ಗೆರೆ (ತಾಳದ ಭಾಗಗಳನ್ನು ಬೇರ್ಪಡಿಸುವ ಗೆರೆ) ದಾಟುವ ನೋಟ್ ಎರಡಾಗಿ ಒಡೆದು ಟೈ (ಎರಡನ್ನೂ ಜೋಡಿಸುವ ಕಮಾನು ಗೆರೆ) ಬೀಳುತ್ತದೆ, ನೀವು ಕೈ ಹಾಕಬೇಕಾಗಿಲ್ಲ. ಕಲಿಯಲು ಮಾತ್ರ ಸ್ವಲ್ಪ ತಾಳ್ಮೆ ಬೇಕು. ಜೊತೆಗೆ ಕೆಲಸ ಮಾಡುವವರೆಲ್ಲ ಸಿಬೆಲಿಯಸ್‌ನಲ್ಲೇ ಇದ್ದರೆ ಸುಮ್ನೆ ಅದನ್ನೇ ತಗೊಳ್ಳಿ, ಫೈಲ್ ಹಂಚಿಕೊಳ್ಳುವ ತಲೆನೋವು ಕಮ್ಮಿ.

ಕೋಡ್ ಬರೆಯುವ ಅಭ್ಯಾಸ ಇದೆಯಾ? ಲಿಲಿಪಾಂಡ್ ನೋಡಿ, ಅದರಲ್ಲಿ ಸ್ವರಗಳನ್ನು ಅಕ್ಷರಗಳಾಗಿ ಟೈಪ್ ಮಾಡಿದರೆ ಸ್ವರಲಿಪಿಯ ಪುಟ ತಯಾರಾಗುತ್ತದೆ. ಸ್ವರದ ಅಕ್ಷರದ ಪಕ್ಕ 4 ಅಂತ ಟೈಪ್ ಮಾಡಿದರೆ ಕ್ವಾರ್ಟರ್ ನೋಟ್, 8 ಅಂದರೆ ಅದರರ್ಧ. ಮುದ್ರಣ ಸೊಗಸು, ಆದರೆ ರಾಗ ಹೊಳೆದ ಕೂಡಲೇ ಗೀಚಿಕೊಳ್ಳಲು ಆಗದು.

ಆಮೇಲೆ ಸಾಫ್ಟ್‌ವೇರ್ ಬದಲಾಯಿಸಬೇಕಾದರೆ ಮ್ಯೂಸ್‌ಸ್ಕೋರ್, ಡೋರಿಕೊ, ಸಿಬೆಲಿಯಸ್‌ನಿಂದ ಮ್ಯೂಸಿಕ್‌ಎಕ್ಸ್‌ಎಂಎಲ್ (ಬೇರೆ ಬೇರೆ ಸಾಫ್ಟ್‌ವೇರ್‌ಗಳು ಓದಬಲ್ಲ ಫೈಲ್ ರೂಪ) ಆಗಿ ಎಕ್ಸ್‌ಪೋರ್ಟ್ ಮಾಡಬಹುದು. ಸ್ವರ, ತಾಳ, ಸಾಹಿತ್ಯ ಹೆಚ್ಚುಕಮ್ಮಿ ಸರಿಯಾಗಿ ಬರುತ್ತವೆ, ಪುಟದ ಜೋಡಣೆಯನ್ನು ಮಾತ್ರ ಜಾಸ್ತಿ ನಂಬಬೇಡಿ. ಡೋರಿಕೊಗೂ ಸಿಬೆಲಿಯಸ್‌ಗೂ ಉಚಿತ ಚಿಕ್ಕ ಆವೃತ್ತಿಗಳಿವೆ, ದುಡ್ಡು ಕೊಡುವ ಮುಂಚೆ ಒಂದೇ ಹಾಡನ್ನು ಎರಡರಲ್ಲೂ ಬರೆದು ನೋಡಿ.