ಆಪ್ತಸಲಹೆ ಪ್ರಕರಣ: ಫ್ರೀಜ್ ಮಾಡಿಟ್ಟ ವೀರ್ಯ ಕರಗಿಸಿದಾಗ ಓಡಾಟ ಕಡಿಮೆ ಬಂದರೆ

ಉಡುಪಿ ಕಡೆಯ ದಂಪತಿ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಗಂಡನಿಗೆ ಮದುವೆಗೆ ಮುಂಚೆ ಲಿಂಫೋಮಾ ಎಂಬ ಕ್ಯಾನ್ಸರ್ ಆಗಿತ್ತು. ಕಿಮೋ ಶುರುವಾಗುವ ಮೊದಲು ಮಂಗಳೂರಿನಲ್ಲಿ ವೀರ್ಯ ಫ್ರೀಜ್ ಮಾಡಿಸಿದ್ದರು. ಈಗ ಒಂದು ವಯಲ್ (ವೀರ್ಯ ತುಂಬಿಟ್ಟ ಪುಟ್ಟ ಸೀಸೆ) ಕರಗಿಸಿ ನೋಡಿದರೆ, ಓಡಾಡುವ ವೀರ್ಯಾಣು ತೀರಾ ಕಡಿಮೆ. ಅವತ್ತಿಂದ ಗಂಡ ಮನೆಯಲ್ಲಿ ಮಾತು ಬಿಟ್ಟರು. ಯಾವುದೋ ಶಕ್ತಿಯ ಪುಡಿ ತರಿಸಿ ತಿನ್ನತೊಡಗಿದರು. ನನ್ನ ಹತ್ತಿರ ಕರೆತಂದದ್ದು ಹೆಂಡತಿ.

ಪುಡಿಯ ವಿಷಯ ಮೊದಲು ಹೇಳಿದೆ. ಆ ವೀರ್ಯ ಇರುವುದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ. ಈಗ ಏನು ತಿಂದರೂ ಅದಕ್ಕೆ ತಲುಪುವುದಿಲ್ಲ ಅಲ್ವಾ?

ಇನ್ನು ಓಡಾಟ. ಹೆಪ್ಪುಗಟ್ಟಿಸುವಾಗ ರಕ್ಷಣೆಗೆಂದು ಗ್ಲಿಸರಾಲ್ ಸೇರಿಸಿದರೂ ಮಂಜಿನ ಹರಳುಗಳಿಂದ ವೀರ್ಯಾಣುವಿನ ಪೊರೆಗೆ, ಬಾಲಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾಕ್ಕೆ ಪೆಟ್ಟು ಬೀಳುತ್ತದೆ. ಒಳ್ಳೆಯ ಸ್ಯಾಂಪಲ್‌ನಲ್ಲೂ ಚಲನೆ ಅರ್ಧಕ್ಕೆ ಇಳಿಯುವುದುಂಟು. ಕಾಯಿಲೆ ಇದ್ದವರಲ್ಲಿ ಅದು ಮೊದಲೇ ಕಡಿಮೆ ಇರಬಹುದು. ಆದರೆ ಅಲುಗಾಡದ ವೀರ್ಯಾಣು ಎಲ್ಲವೂ ಸತ್ತಿರುವುದಿಲ್ಲ. ಲವಣಾಂಶ ಕಡಿಮೆ ಇರುವ ದ್ರವದಲ್ಲಿ ಹಾಕಿದರೆ ಜೀವ ಇರುವುದರ ಬಾಲ ಉಬ್ಬಿ ಸುರುಳಿಯಾಗುತ್ತದೆ. ಪೆಂಟಾಕ್ಸಿಫಿಲಿನ್ ಎಂಬ ಔಷಧಿಯನ್ನು ಲ್ಯಾಬಿನಲ್ಲಿ ಬೆರೆಸಿದಾಗ, ಸುಮ್ನೆ ಬಿದ್ದಿದ್ದ ಕೆಲವು ಸ್ವಲ್ಪ ಹೊತ್ತು ಅಲುಗಾಡುತ್ತವೆ. ಸತ್ತದ್ದನ್ನು ಅದು ಬದುಕಿಸುವುದಿಲ್ಲ, ಬದುಕಿರುವುದನ್ನು ತೋರಿಸಿಕೊಡುತ್ತದೆ. ಅಂಥದ್ದನ್ನು ಆರಿಸಿ ಅಂಡಾಣುವಿನೊಳಗೆ ಚುಚ್ಚುವ ಇಕ್ಸಿ ವಿಧಾನ 1992ರಿಂದ ಇದೆ. ಒಂದು ಅಂಡಾಣುವಿಗೆ ಒಂದೇ ವೀರ್ಯಾಣು ಸಾಕು. ಹೀಗಾಗಿ ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವ ಐಯುಐಗೆ ಸಾಲದ ವಯಲ್ ಇಕ್ಸಿಗೆ ಆಗಬಹುದು. ಗರ್ಭ ನಿಲ್ಲುವ ಗ್ಯಾರಂಟಿ ಮಾತ್ರ ಯಾರೂ ಕೊಡಲಾರರು. ಅದನ್ನೂ ಹೇಳಿದೆ.

ಆಗ ಅವರು ಬಾಯಿಬಿಟ್ಟರು. “ನನ್ನ ಕಿಮೋ ವಿಷ ಅದರಲ್ಲಿ ಇರಬಹುದಾ?” ಇಷ್ಟು ದಿನ ಒಳಗೇ ಕೊರೆಯುತ್ತಿದ್ದ ಭಯ ಅದು. ತೆಗೆದಿಟ್ಟದ್ದು ಕಿಮೋಗೆ ಮೊದಲು, ಔಷಧಿ ಅದನ್ನು ಮುಟ್ಟಿಲ್ಲ ಎಂದಾಗ ಅತ್ತರು. ನಾನು ತಡೆಯಲಿಲ್ಲ.

ಸಲಹೆ ಹೀಗಿತ್ತು. ಬರೀ ನೋಡುವುದಕ್ಕೆಂದು ಇನ್ನೊಂದು ವಯಲ್ ಕರಗಿಸಬೇಡಿ. ಎಷ್ಟು ಉಳಿದಿವೆ, ಜೀವಂತಿಕೆ ಪರೀಕ್ಷೆ ಮಾಡಿದ್ದಾರಾ ಎಂದು ಲ್ಯಾಬಿನಲ್ಲಿ ವೀರ್ಯಾಣು, ಭ್ರೂಣ ನೋಡಿಕೊಳ್ಳುವ ಎಂಬ್ರಿಯಾಲಜಿಸ್ಟ್ ಹತ್ತಿರವೇ ಕೇಳಿ. ಈಗಿನ ವೀರ್ಯವನ್ನೂ ಪರೀಕ್ಷೆ ಮಾಡಿಸಿ. ಕಿಮೋ ಮುಗಿದು ವರ್ಷಗಳಾದ ಮೇಲೆ ಕೆಲವರಲ್ಲಿ ಉತ್ಪತ್ತಿ ಮರಳುತ್ತದೆ. ಇನ್ನೊಂದು ಮಾತನ್ನು ಗಂಡನಿಗೆ ಒತ್ತಿ ಹೇಳಿದೆ. ಕೋಲಕ್ಕೆ, ಮದುವೆಗೆ ಹೋದಲ್ಲೆಲ್ಲ “ವಿಶೇಷ ಇಲ್ವಾ?” ಎಂಬ ಪ್ರಶ್ನೆ ಬೀಳುವುದು ಅವಳ ಮೇಲೆ. ಇನ್ನು ಮುಂದೆ ಉತ್ತರ ನೀವು ಕೊಡಿ.

ಪುಡಿ ನಿಲ್ಲಿಸಿದ್ದಾರೆ. ಹೊಸ ಪರೀಕ್ಷೆಗೆ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದಾರೆ.